ಬೇಸಿಗೆಯಲ್ಲಿ ಹಾವು, ಹಲ್ಲಿ, ಕಪ್ಪೆ ಹುಡುಕುವುದು ಹೇಗೆ?

ಬೇಸಿಗೆಯಲ್ಲಿ ಕಾಡಂಚು ಸುತ್ತಿ ಬರಿಗೈಯಲ್ಲಿ ಬಂದವರು ಹೇಳುವ ಮಾತು ಒಂದೇ: ‘ಅಲ್ಲಿ ಏನೂ ಇಲ್ಲ ಬಿಡಿ.’ ಎಷ್ಟು ಹೊತ್ತಿಗೆ ಹೋಗಿದ್ದಿರಿ ಅಂತ ಕೇಳಿದರೆ, ತಿಂಡಿ ಮುಗಿಸಿ ಆರಾಮಾಗಿ ಹನ್ನೊಂದಕ್ಕೆ ಹೊರಟಿರುತ್ತಾರೆ. ಎಡವಟ್ಟು ಆಗಿರುವುದೇ ಅಲ್ಲಿ. ಈ ಕೆಲಸಕ್ಕೆ ಕಾಲಿಗಿಂತ ಗಡಿಯಾರ ಮುಖ್ಯ.

ಹಾವು, ಹಲ್ಲಿ, ಆಮೆಗಳು ನಮ್ಮ ಹಾಗೆ ಮೈಯೊಳಗೇ ಬಿಸಿ ಹುಟ್ಟಿಸಿಕೊಳ್ಳುವುದಿಲ್ಲ. ಚಳಿಯಾದರೆ ಬಿಸಿಲಿಗೆ ಬರಬೇಕು, ಸೆಕೆಯಾದರೆ ನೆರಳಿಗೆ ಓಡಬೇಕು. ಹಗಲಲ್ಲಿ ಓಡಾಡುವ ಅನೇಕ ಹಲ್ಲಿಗಳಿಗೆ ಮೈಬಿಸಿ 30ರಿಂದ 38 ಡಿಗ್ರಿಯೊಳಗೆ ಇದ್ದರೆ ಹಿತ. ಬೇಸಿಗೆಯ ನಡುಮಧ್ಯಾಹ್ನ ಬರೀ ಬಂಡೆಯೇ 50 ಡಿಗ್ರಿ ದಾಟಬಹುದು. ಅದರ ಮೇಲೆ ಕೂತರೆ ಹಲ್ಲಿ ಬೆಂದೇ ಹೋಗುತ್ತದೆ, ಅಲ್ವಾ? ಕಪ್ಪೆಯ ಪಾಡು ಇನ್ನೂ ಕಷ್ಟ. ಅದು ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರಿಕೊಳ್ಳುತ್ತದೆ. ಒಳಗೆ ಬಂದ ನೀರು ಅದೇ ಚರ್ಮದಿಂದ ಆರಿಯೂ ಹೋಗುತ್ತದೆ. ಹಾಗಾಗಿ ಬಿಸಿಲಲ್ಲಿ ಹೊರಬರುವ ಧೈರ್ಯ ಮಾಡುವ ಕಪ್ಪೆಗಳು ಕಡಿಮೆ. ಕೆಲವು ಹಿಂಗಾಲಿನಿಂದ ಮಣ್ಣು ತೋಡಿ, ತಿಂಗಳುಗಟ್ಟಲೆ ನೆಲದೊಳಗೇ ಮಲಗಿಬಿಡುತ್ತವೆ.

ಮೊದಲು ಹೊತ್ತು ಗೊತ್ತುಮಾಡಿ

ಸೂರ್ಯ ಹುಟ್ಟಿ ಎರಡು ಮೂರು ಗಂಟೆ, ಆಮೇಲೆ ಸಂಜೆ ಬಿಸಿಲು ಇಳಿದ ಮೇಲೆ, ಕತ್ತಲಾದ ಮೊದಲ ಎರಡು ಮೂರು ಗಂಟೆ. ಇಷ್ಟೇ. ನಡುಹಗಲಲ್ಲಿ ನೀವೂ ಮಲಗಿ. ಬೇಸಿಗೆಯ ಮಧ್ಯೆ ಒಂದು ಮಳೆ ಬಿತ್ತೋ, ಉಳಿದ ಕೆಲಸ ಬದಿಗಿಟ್ಟು ಅವತ್ತೇ ರಾತ್ರಿ ಹೊರಡಿ. ಹದಿನೈದು ದಿನ ಅಲೆದರೂ ಸಿಗದ ಕಪ್ಪೆಗಳು ಆ ಒಂದು ರಾತ್ರಿ ಸಿಗುತ್ತವೆ.

ಜಾಗದ ಮಾಲೀಕರ ಅಥವಾ ಅರಣ್ಯದವರ ಒಪ್ಪಿಗೆ ಮೊದಲೇ ತೆಗೆದುಕೊಳ್ಳಿ. ಎಷ್ಟೋ ಕಡೆ ಕಾಡುಪ್ರಾಣಿಯನ್ನು ಹಿಡಿಯುವುದೇ ಅಪರಾಧ. ಒಬ್ಬರೇ ಹೋಗಬೇಡಿ. ಕಣಕಾಲು ಮುಚ್ಚುವ ಬೂಟು, ದಪ್ಪ ಬಟ್ಟೆಯ ಉದ್ದ ಪ್ಯಾಂಟು, ತಲೆಗೆ ಕಟ್ಟುವ ಟಾರ್ಚು, ಇನ್ನೊಂದು ಕೈಟಾರ್ಚು, ನೀರು, ಒಂದು ಕೊಕ್ಕೆ ಕೋಲು ಸಾಕು.

ಬೆಳಿಗ್ಗೆ: ಅಂಚುಗಳನ್ನು ನೋಡಿ

ಬಿಸಿಲೂ ನೆರಳೂ ಸೇರುವ ಕಡೆ ನಿಧಾನಕ್ಕೆ ನಡೆಯಿರಿ. ಪೂರ್ವಕ್ಕೆ ಮುಖಮಾಡಿದ ಬಂಡೆ, ಕಲ್ಲುಗೋಡೆ, ಬಿದ್ದ ಮರದ ದಿಮ್ಮಿ, ಪೊದೆಯ ಬುಡ, ಬೇಲಿ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಅನ್ನುವ ಗಾದೆ ಸುಮ್ನೆ ಹುಟ್ಟಿಲ್ಲ. ಗೂಟದ ತುದಿಯಲ್ಲಿ ಬಿಸಿಲೂ ಸಿಗುತ್ತದೆ, ಎದುರಾಳಿಯೂ ಕಾಣುತ್ತಾನೆ. ಗಂಡು ಓತಿ ಅಲ್ಲಿ ಕೂತು ದಂಡ ಹೊಡೆದ ಹಾಗೆ ಮೈ ಮೇಲೆ ಕೆಳಗೆ ಮಾಡುವುದು ತನ್ನ ಗಡಿ ತೋರಿಸಲಿಕ್ಕೆ.

ಹತ್ತು ಹೆಜ್ಜೆ ನಡೆದು ಒಂದು ನಿಮಿಷ ನಿಲ್ಲಿ. ಹಾವಿನ ಇಡೀ ಆಕಾರ ಹುಡುಕಬೇಡಿ, ಅದು ಕಾಣುವುದಿಲ್ಲ. ತರಗೆಲೆಯ ಗೊಂದಲದ ಮಧ್ಯೆ ಒಂದೇ ಅಗಲದ ನುಣುಪಾದ ಗೆರೆ ಎಲ್ಲಾದರೂ ಇದೆಯಾ ನೋಡಿ. ಹಾವುರಾಣಿ ಎಂಬ ನುಣುಪು ಮೈಯ ಹಲ್ಲಿಯಾದರೆ ಮೊದಲು ಕಿವಿಗೇ ಸಿಗುತ್ತದೆ: ಒಣಗಿದ ಎಲೆಯ ಕೆಳಗೆ ಸರ್ ಅಂದು, ನಿಂತು, ಮತ್ತೆ ಸರ್ ಅನ್ನುವ ಸದ್ದು. ಅದನ್ನು ಹಿಡಿಯಲು ಹೋಗಬೇಡಿ. ಬಾಲ ಕಳಚಿ ಓಡುತ್ತದೆ. ಹೊಸ ಬಾಲ ಬೆಳೆಯಲು ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ತಿಂದಿದ್ದೆಲ್ಲ ಖರ್ಚಾಗಬೇಕು.

ಹಾವು ಸಿಗದಿದ್ದರೂ ಪೊರೆ ಸಿಗಬಹುದು. ಹಾವು ಮೂತಿಯನ್ನು ಕಲ್ಲಿಗೋ ಬೇರಿಗೋ ತಿಕ್ಕಿ, ಅಲ್ಲಿಂದ ಮುಂದೆ ಹರಿಯುತ್ತ ಹೋಗುತ್ತದೆ. ಪೊರೆ ಕಾಲುಚೀಲ ತೆಗೆದ ಹಾಗೆ ಒಳಗಿನದು ಹೊರಗಾಗಿ ಕಳಚಿಕೊಳ್ಳುತ್ತದೆ. ಆದ್ದರಿಂದ ಪೊರೆಯ ಬಾಲ ಯಾವ ಕಡೆಗಿದೆಯೋ ಹಾವು ಹೋಗಿದ್ದು ಆ ಕಡೆಗೆ. ತಲೆಯ ಭಾಗ ಹರಿಯದೆ ಉಳಿದಿದ್ದರೆ ಬೆಳಕಿಗೆ ಹಿಡಿದು ನೋಡಿ, ಕಣ್ಣಿನ ಮೇಲಿದ್ದ ಪಾರದರ್ಶಕ ಮುಚ್ಚಳವೂ ಇರುತ್ತದೆ. ಹಾವಿಗೆ ರೆಪ್ಪೆ ಇಲ್ಲ, ಆ ಮುಚ್ಚಳವೇ ಕಾವಲು. ಉದ್ದ ಅಳೆದು ಹಾವು ಇಷ್ಟೇ ಇತ್ತು ಅನ್ನಬೇಡಿ. ಕಳಚುವಾಗ ಪೊರೆ ಎಳೆದುಕೊಂಡು ಉದ್ದವಾಗುತ್ತದೆ.

ಕಲ್ಲು ಎತ್ತುವ ರೀತಿ

ನನ್ನ ಮಟ್ಟಿಗೆ, ಸಾಧ್ಯವಾದಷ್ಟು ಕಲ್ಲು ಎತ್ತದಿರುವುದೇ ಒಳ್ಳೆಯದು. ಬೇಸಿಗೆಯಲ್ಲಿ ಕಲ್ಲಿನ ಕೆಳಗಿನ ತೇವ ಒಂದು ಜೀವದ ಆಸ್ತಿ. ಎತ್ತಲೇಬೇಕು ಅಂದರೆ ಬೆರಳು ಒಳಗೆ ಹಾಕಬೇಡಿ. ಕಲ್ಲಿನ ಆಚೆ ಅಂಚಿಗೆ ಕೊಕ್ಕೆ ಸಿಕ್ಕಿಸಿ ನಿಮ್ಮ ಕಡೆಗೆ ಮಗುಚಿ. ಆಗ ಸಂದು ಆಚೆಗೆ ತೆರೆದುಕೊಳ್ಳುತ್ತದೆ, ಒಳಗಿದ್ದದ್ದು ಆಚೆಗೇ ಓಡುತ್ತದೆ, ಕಲ್ಲು ನಿಮ್ಮ ಕಾಲಿಗೆ ಮರೆಯಾಗುತ್ತದೆ.

ವಾಪಸ್ ಇಡುವುದು ಇನ್ನೂ ಸೂಕ್ಷ್ಮ. ಮೊದಮೊದಲು ನಾನು ಹಾಗೇ ಇಳಿಸಿಬಿಡುತ್ತಿದ್ದೆ. ಒಮ್ಮೆ ಕೆಳಗೆ ಪುಟ್ಟ ಹಾವುರಾಣಿ ಮರಿ ಇತ್ತು. ನೋಡಿ ಖುಷಿಪಟ್ಟು ಕಲ್ಲು ಇಳಿಸಿದೆ. ಅಂಚಿನಿಂದ ಬಾಲದ ತುದಿ ಮಾತ್ರ ಹೊರಗಿತ್ತು. ಅದು ಅಲುಗುತ್ತಿರಲಿಲ್ಲ. ಆಮೇಲಿಂದ ಕ್ರಮ ಬದಲಾಯಿತು: ಮೊದಲು ಪ್ರಾಣಿಯನ್ನು ಎಲೆಯಿಂದಲೋ ಕೋಲಿನಿಂದಲೋ ಮೆಲ್ಲಗೆ ಪಕ್ಕಕ್ಕೆ ಸರಿಸು, ಕಲ್ಲನ್ನು ಇದ್ದ ಗುಂಡಿಯಲ್ಲೇ ಕೂರಿಸು, ಆಮೇಲೆ ಅದೇ ಅಡಿಗೆ ನುಸುಳಲಿ. ಪ್ರಾಣಿ ವಿಷದ ಹಾವಾಗಿದ್ದರೆ ಸರಿಸುವುದೂ ಬೇಡ, ಅದು ತಾನಾಗಿ ಹೋಗುವ ತನಕ ದೂರ ನಿಲ್ಲಿ. ಹುತ್ತ, ಪೊಟರೆ, ಬಿಲಗಳಿಗೆ ಕೈ ಹಾಕುವ ಮಾತೇ ಇಲ್ಲ.

ರಾತ್ರಿ: ಟಾರ್ಚು ಕಣ್ಣಿನ ಪಕ್ಕ ಇರಲಿ

ಪ್ರಾಣಿಯ ಕಣ್ಣಿಗೆ ಬಿದ್ದ ಬೆಳಕು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಟಾರ್ಚು ಸೊಂಟದ ಹತ್ತಿರ ಇದ್ದರೆ ಹೊಳಪು ಸೊಂಟಕ್ಕೆ ಕಾಣುತ್ತದೆ, ನಿಮಗಲ್ಲ! ಅದಕ್ಕೇ ತಲೆಗೆ ಕಟ್ಟಿಕೊಳ್ಳುವುದು. ನೆಲದಲ್ಲಿ ನೀಲಿ ಹಸಿರು ಬಣ್ಣದ ಇಬ್ಬನಿ ಹನಿಯಂಥ ಚುಕ್ಕೆಗಳು ಮಿನುಗಿದರೆ ಹಿಗ್ಗಬೇಡಿ, ಅವು ಜೇಡಗಳು. ಕಪ್ಪೆಯ ಕಣ್ಣಿನ ಹೊಳಪು ದೊಡ್ಡದು. ನೀರಿನ ಮೇಲೆ ಕೆಂಡದಂಥ ಚುಕ್ಕೆ ಕಂಡರೆ ಮೊಸಳೆ ಇರಬಹುದು, ದಡದಿಂದ ಹಿಂದೆ ಸರಿಯಿರಿ. ಹಾವಿನ ಕಣ್ಣು ಹೀಗೆ ಹೊಳೆಯುವುದಿಲ್ಲ.

ಕಪ್ಪೆಯನ್ನು ಕೂಗಿನಿಂದ ಹುಡುಕಿ. ನೀವು ಹತ್ತಿರ ಹೋದ ಕೂಡಲೇ ವಟವಟ ನಿಲ್ಲುತ್ತದೆ. ಟಾರ್ಚು ಆರಿಸಿ ಐದು ಹತ್ತು ನಿಮಿಷ ಸುಮ್ಮನೆ ನಿಂತರೆ ಒಂದು ಶುರುಮಾಡುತ್ತದೆ, ಉಳಿದವು ದನಿಗೂಡಿಸುತ್ತವೆ. ಇಬ್ಬರು ನಾಲ್ಕು ಮಾರು ದೂರ ನಿಂತು, ಸದ್ದು ಬಂದ ಕಡೆ ಕೈ ತೋರಿಸಿ, ಒಟ್ಟಿಗೆ ಟಾರ್ಚು ಹಾಕಿ. ಎರಡು ಬೆಳಕು ಕೂಡುವ ಕಡೆ ಕಪ್ಪೆ ಇರುತ್ತದೆ. ಮುಟ್ಟಬೇಡಿ. ಕೈಗೆ ಹಚ್ಚಿದ ಸೊಳ್ಳೆ ಮುಲಾಮು, ಸನ್‌ಸ್ಕ್ರೀನು ಅದರ ಚರ್ಮದೊಳಗೆ ನೇರ ಇಳಿಯಬಹುದು.

ಊಸರವಳ್ಳಿ ಇರುವ ಸೀಮೆಯಾದರೆ ಪೊದೆಗಳ ತುದಿ ನೋಡಿ. ಹಗಲಲ್ಲಿ ಎಲೆಯೊಳಗೆ ಎಲೆಯಾಗಿದ್ದದ್ದು ರಾತ್ರಿ ಬಾಲ ಸುರುಳಿ ಸುತ್ತಿ ತೆಳ್ಳನೆಯ ಕಡ್ಡಿಯ ಮೇಲೆ ಮಲಗಿರುತ್ತದೆ. ನಿದ್ದೆಯಲ್ಲಿ ಮೈಬಣ್ಣ ಪೇಲವ. ಕಪ್ಪು ಎಲೆಗಳ ನಡುವೆ ಟಾರ್ಚಿನ ಬೆಳಕಿಗೆ ಬಿಳಿಚಿಕೊಂಡು ಎದ್ದು ಕಾಣುತ್ತದೆ. ಎರಡು ಕ್ಷಣ ನೋಡಿ ಬೆಳಕು ತಿರುಗಿಸಿ, ಪಾಪ ಮಲಗಲಿ.

ಹಾವು ಎದುರಾದರೆ

ನಿಂತುಬಿಡಿ, ನಿಧಾನಕ್ಕೆ ಹಿಂದೆ ಸರಿಯಿರಿ. ಹಾವಿನ ಉದ್ದದ ಎರಡರಷ್ಟಾದರೂ ದೂರ ಇರಲಿ. ಸತ್ತ ಹಾವಿನ ತಲೆಯನ್ನೂ ಮುಟ್ಟಬೇಡಿ, ಸತ್ತ ಮೇಲೂ ಸ್ವಲ್ಪ ಹೊತ್ತು ಕಚ್ಚಬಲ್ಲದು. ವರ್ಷಕ್ಕೆ 81 ಸಾವಿರದಿಂದ 1.38 ಲಕ್ಷ ಜನ ಹಾವು ಕಚ್ಚಿ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಕೈಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ.

ಮನೆಗೆ ಬಂದ ಮೇಲೆ

ಬೂಟಿನ ಕೆಸರನ್ನು ಬ್ರಷ್ ಹಾಕಿ ತೊಳೆದು, ಸೋಂಕು ಕಳೆಯುವ ದ್ರಾವಣದಲ್ಲಿ ಅದ್ದಿ, ಚೆನ್ನಾಗಿ ಒಣಗಿಸಿ. ಕಪ್ಪೆಗಳ ಚರ್ಮಕ್ಕೆ ಹತ್ತುವ ಕೈಟ್ರಿಡ್ ಎಂಬ ಶಿಲೀಂಧ್ರ ಒದ್ದೆ ಬೂಟಿನ ಜೊತೆ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಬಹುದು. ಅದರಿಂದ ಜಗತ್ತಿನಲ್ಲಿ ಕನಿಷ್ಠ 501 ಬಗೆಯ ಉಭಯಚರಗಳ ಸಂಖ್ಯೆ ಕುಸಿದಿದೆ, ಅವುಗಳಲ್ಲಿ 90 ಅಳಿದುಹೋಗಿರಬಹುದು ಎಂದು 2019ರ ಒಂದು ಅಧ್ಯಯನ ಲೆಕ್ಕಹಾಕಿತ್ತು.

ಕಂಡದ್ದನ್ನು ಅವತ್ತೇ ಬರೆದಿಡಿ: ದಿನ, ಗಂಟೆ, ಸೆಕೆ ಎಷ್ಟಿತ್ತು, ಯಾವುದರ ಮೇಲೆ ಕೂತಿತ್ತು. ಏನೂ ಕಾಣದ ದಿನವನ್ನೂ ಬರೆಯಿರಿ. ಫೋಟೊ ಹಂಚುವಾಗ ಜಾಗದ ಗುರುತು ಮಾತ್ರ ತೆಗೆದುಬಿಡಿ. ನಕ್ಷತ್ರ ಆಮೆಯಂಥವನ್ನು ಹಿಡಿದು ಮಾರುವವರೂ ಆ ಫೋಟೊ ನೋಡುತ್ತಿರುತ್ತಾರೆ.