ಸಣ್ಣ ಕೊಳದ ಐಸ್ ಮೇಲೆ ಮೀನು ಹಿಡಿಯುವವರಿಗೆ

ಅಮೆರಿಕದ ಮಿನ್ನೆಸೋಟಾ ಕಡೆ ಇರುವ ನಮ್ಮವರು ಈ ಚಳಿಗಾಲ ಸಣ್ಣ ಕೊಳಗಳಲ್ಲಿ ಗಾಳ ಹಾಕಲು ಹೊರಟಿದ್ದರೆ ಮೊದಲು ಐಸ್‌ನ ಬಣ್ಣ ನೋಡಿ. ಹೊಸದಾಗಿ ಕಟ್ಟಿದ ತಿಳಿ ಐಸ್ ಆದರೆ ನಡೆಯಲು ಕನಿಷ್ಠ 4 ಇಂಚು ದಪ್ಪ ಬೇಕು ಅಂತ ಅಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆಯೇ ಹೇಳುತ್ತದೆ. ಹಿಮ ನೆನೆದು ಗಟ್ಟಿಯಾದ ಬಿಳಿ ಐಸ್‌ಗೆ ಸುಮಾರು ಅರ್ಧದಷ್ಟೇ ಬಲ, ಅದು ಎರಡು ಪಟ್ಟು ದಪ್ಪ ಇರಬೇಕು. ದಡದಲ್ಲಿ ಒಂದು ಸಲ ಅಳೆದು ಸುಮ್ನೆ ನಡೆದುಬಿಡಬೇಡಿ, ಜೊಂಡು ಬೆಳೆದ ಕಡೆ, ನೀರು ಹರಿದು ಒಳಗೆ ಬರುವ ಕಡೆ, ನೀರಿಗೆ ಗಾಳಿ ಊದುವ ಏರೇಟರ್ ಓಡುವ ಕಡೆ ಐಸ್ ತೆಳ್ಳಗಿರುತ್ತದೆ, ಹಾಗಾಗಿ ಕೊರೆದು ನೋಡುತ್ತಲೇ ಮುಂದೆ ಹೋಗಿ.

ಇನ್ನು ಮೀನಿನ ವಿಷಯ. ಮೊದಮೊದಲು ಐಸ್ ಕಟ್ಟಿದಾಗ ನೀರೊಳಗಿನ ಗಿಡಗಳು ಇನ್ನೂ ಹಸಿರಾಗಿರುತ್ತವೆ, ಬ್ಲೂಗಿಲ್ ಅನ್ನುವ ಸಣ್ಣ ಮೀನು ಅವುಗಳ ಆಸುಪಾಸಿನಲ್ಲೇ ಸಿಗುತ್ತದೆ. ಆಮೇಲೆ ಐಸ್ ಮೇಲೆ ಹಿಮ ಜಾಸ್ತಿ ಕೂತರೆ ಬೆಳಕು ಕೆಳಗಿಳಿಯುವುದಿಲ್ಲ, ಗಿಡಗಳು ಕೊಳೆಯತೊಡಗುತ್ತವೆ, ಆಕ್ಸಿಜನ್ ತಳದಿಂದಲೇ ಖಾಲಿಯಾಗುತ್ತಾ ಬರುತ್ತದೆ. ಆಗ ತಳದಲ್ಲಿ ಗಾಳ ಬಿಟ್ಟು ಕಾಯುವುದಕ್ಕಿಂತ ಐಸ್‌ನ ಕೆಳಗೆ ಎರಡು ಮೂರು ಅಡಿಯಲ್ಲೇ ಆಡಿಸಿ ನೋಡಿ. ತೂತಿನಿಂದ ಕೊಳೆತ ಮೊಟ್ಟೆಯ ವಾಸನೆ ಬಂತಾ? ಅಲ್ಲಿ ಮೀನು ಉಸಿರಿಗೇ ಕಷ್ಟಪಡುತ್ತಿರುತ್ತವೆ, ದಯವಿಟ್ಟು ಆ ಕೊಳ ಬಿಟ್ಟುಬಿಡಿ.

ಒಬ್ಬರೇ ಹೋಗಬೇಡಿ. ಐಸ್ ಒಡೆದು ಬಿದ್ದರೆ ಚುಚ್ಚಿ ಮೇಲೆ ಬರಲು ಕುತ್ತಿಗೆಗೆ ಐಸ್ ಪಿಕ್ (ಹಿಡಿಯಿರುವ ಚೂಪು ಮೊಳೆ) ಹಾಕಿಕೊಂಡಿರಿ.