ನಿಮ್ಮ ಏರಿಯಾ ಯಾರ ಕಡೆ ಅನ್ನೋ ಮುಂಚೆ ಬೂತ್ ಲೆಕ್ಕ ಓದಿ

"ಈ ಏರಿಯಾ ಪೂರ್ತಿ ಅವರದೇ" ಅನ್ನೋ ಮಾತು ಪ್ರತಿ ಚುನಾವಣೆ ಮುಗಿದ ಮೇಲೂ ಕಿವಿಗೆ ಬೀಳುತ್ತದೆ. ಗೆದ್ದವರಿಗೆ ಶೇ. 52 ಮತ ಬಂದಿದ್ದರೂ ಇದೇ ಮಾತು. ಉಳಿದ ಶೇ. 48 ಮಂದಿ ಅದೇ ಬೀದಿಗಳಲ್ಲಿ ಇದ್ದಾರೆ ಅಲ್ವಾ? ಮತ ಹಾಕದವರನ್ನಂತೂ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ನನಗೆ ಇದು ತುಂಬಾ ಬೇಸರ ತರಿಸುತ್ತದೆ. ಯಾಕಂದ್ರೆ ಒಂದು ಬಡಾವಣೆಗೆ ಒಮ್ಮೆ ಹೀಗೆ ಹಣೆಪಟ್ಟಿ ಹಚ್ಚಿದರೆ ಒಂದು ಪಕ್ಷ ಆ ಕಡೆ ತಲೆ ಹಾಕೋದನ್ನೇ ಬಿಡುತ್ತದೆ, ಇನ್ನೊಂದು ಪಕ್ಷ ಹೇಗಿದ್ರೂ ನಮ್ಮದೇ ಅಂತ ಸುಮ್ಮನಾಗುತ್ತದೆ, ನಡುವೆ ಅಲ್ಲಿನ ಜನರ ಮಾತು ಕೇಳೋರು ಇರಲ್ಲ.

ಹಾಗಾಗಿ ಮೊದಲು ಅಂಕಿ ಹುಡುಕಿ. ಇಡೀ ಕ್ಷೇತ್ರದ ಫಲಿತಾಂಶ ಸಾಲದು, ಮತಗಟ್ಟೆವಾರು ಲೆಕ್ಕ ಬೇಕು. ಭಾರತದಲ್ಲಿ ಇದು ಫಾರ್ಮ್ 20ರಲ್ಲಿ ಇರುತ್ತದೆ, ಆಯಾ ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟ್‌ನಲ್ಲಿ ನೋಡಿ. ಆಸ್ಟ್ರೇಲಿಯಾದ ಚುನಾವಣಾ ಆಯೋಗವೂ ಬೂತ್‌ವಾರು ಪ್ರಕಟಿಸುತ್ತದೆ. ಬ್ರಿಟನ್ನಿನ ಸಂಸತ್ ಚುನಾವಣೆಯಲ್ಲಿ ಬೇರೆ ಬೇರೆ ಪೆಟ್ಟಿಗೆಯ ಮತಪತ್ರಗಳನ್ನು ಬೆರೆಸಿ ಎಣಿಸುತ್ತಾರೆ, ಅಲ್ಲಿ ವಾರ್ಡ್ ಮಟ್ಟದ ಸ್ಥಳೀಯ ಚುನಾವಣೆಯನ್ನೇ ನಂಬಿಕೊಳ್ಳಬೇಕು.

ಅಂಕಿ ಕೈಗೆ ಬಂದ ತಕ್ಷಣ ಕೂಡಿಸಿ ಕಳೆಯಬೇಡಿ. ಫಾರ್ಮ್ 20ರಲ್ಲಿ ಅಂಚೆ ಮತಗಳು ಬೂತ್‌ಗೆ ಹಂಚಿಕೆಯಾಗಿರಲ್ಲ, ಕೊನೆಯಲ್ಲಿ ಒಟ್ಟಾಗಿ ಬರುತ್ತವೆ. ಆಸ್ಟ್ರೇಲಿಯಾದಲ್ಲಿ ತಮ್ಮ ಕ್ಷೇತ್ರದ ಯಾವ ಬೂತ್‌ನಲ್ಲಾದರೂ ಮತ ಹಾಕಬಹುದು, ಅಂದ್ರೆ ಆ ಬೂತ್‌ನ ಮತ ಎಲ್ಲಾ ಸುತ್ತಲಿನ ಮನೆಗಳದ್ದೇ ಅನ್ನೋಕಾಗಲ್ಲ. ಇನ್ನೊಂದು ವಿಷಯ, ಎರಡು ಚುನಾವಣೆಗಳ ನಡುವೆ ಬೂತ್ ನಂಬರ್ ಮತ್ತು ಗಡಿ ಬದಲಾಗುತ್ತವೆ. ಹಳೆಯ 45ನೇ ಬೂತ್ ಈಗಿನ 52 ಆಗಿರಬಹುದು, ಅಥವಾ ಎರಡಾಗಿ ಒಡೆದಿರಬಹುದು. ಯಾವ ಬೀದಿ ಯಾವ ಬೂತ್‌ಗೆ ಸೇರಿದೆ ಅಂತ ಮತದಾರರ ಪಟ್ಟಿ ಹಿಡಿದು ತಾಳೆ ನೋಡಿ. ಬೇಜಾರಿನ ಕೆಲಸ, ಆದರೆ ಇದನ್ನು ಬಿಟ್ಟರೆ ಮುಂದಿನದೆಲ್ಲಾ ವ್ಯರ್ಥ.

ಈಗ ಮುಖ್ಯವಾದದ್ದು. ಒಂದು ಬೂತ್‌ನಲ್ಲಿ 1,000 ಮತದಾರರು ಅಂದುಕೊಳ್ಳಿ. ಹಿಂದಿನ ಸಲ 600 ಜನ ಬಂದರು, ಮೊದಲ ಪಕ್ಷಕ್ಕೆ 330, ಎರಡನೆಯದಕ್ಕೆ 270. ಈ ಸಲ ಬಂದವರು 510, ಮೊದಲನೆಯದಕ್ಕೆ 245, ಎರಡನೆಯದಕ್ಕೆ 265. ಎರಡನೇ ಪಕ್ಷ ಶೇ. 45ರಿಂದ ಶೇ. 52ಕ್ಕೆ ಏರಿತು, ಏರಿಯಾ ಆ ಕಡೆ ವಾಲಿತು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಆ ಪಕ್ಷಕ್ಕೆ ಬಂದ ಮತ ಐದು ಕಡಿಮೆಯಾಗಿದೆ! ಮೊದಲನೆಯದು 85 ಮತ ಕಳೆದುಕೊಂಡಿದೆ, ಅಷ್ಟೇ. ಅದರ ಬೆಂಬಲಿಗರು ಮನೆಯಲ್ಲೇ ಉಳಿದರಾ, ಕೆಲವರು ಪಕ್ಷ ಬದಲಿಸಿ ಬೇರೆ ಕೆಲವರು ಬರಲಿಲ್ವಾ, ಈ ಅಂಕಿಯೊಂದೇ ಅದನ್ನು ಹೇಳಲ್ಲ. ಅದಕ್ಕೇ ಯಾವಾಗಲೂ ಎರಡು ಶೇಕಡಾವಾರು ಬರೆದಿಡಿ: ಚಲಾವಣೆಯಾದ ಮತದಲ್ಲಿ ಎಷ್ಟು, ಪಟ್ಟಿಯಲ್ಲಿರುವ ಒಟ್ಟು ಮತದಾರರಲ್ಲಿ ಎಷ್ಟು. ಈ ಎರಡನೇ ಲೆಕ್ಕದಲ್ಲಿ ಅದೇ ಬೂತ್ ನೋಡಿ, ಶೇ. 27 ಇದ್ದದ್ದು ಶೇ. 26.5 ಆಗಿದೆ.

ಪಕ್ಕದಲ್ಲೇ ಇಡೀ ನಗರದ ಅಂಕಿ ಇಟ್ಟುಕೊಳ್ಳಿ. ಒಂದು ಪಕ್ಷದ ಮತ ನಗರದಲ್ಲೆಲ್ಲಾ ಎಂಟು ಶೇಕಡಾ ಅಂಶ ಏರಿ ನಿಮ್ಮಲ್ಲಿ ಮೂರೇ ಏರಿದ್ದರೆ, ನಿಮ್ಮ ಬಡಾವಣೆ ಆ ಅಲೆಯನ್ನು ಅಷ್ಟಾಗಿ ಒಪ್ಪಿಲ್ಲ ಅಂತಲೇ ಅರ್ಥ.

ಒಂದೇ ಚುನಾವಣೆ ನೋಡಿ ಒಲವು ಹೇಳೋಕೆ ಹೋಗಬೇಡಿ. ದೆಹಲಿಯನ್ನೇ ತಗೊಳ್ಳಿ. 2014ರ ಲೋಕಸಭೆಯಲ್ಲಿ ಏಳಕ್ಕೆ ಏಳೂ ಬಿಜೆಪಿ ಗೆದ್ದಿತು, ಒಂದು ವರ್ಷ ಕೂಡ ತುಂಬಿರಲಿಲ್ಲ, 2015ರ ವಿಧಾನಸಭೆಯಲ್ಲಿ 70ರಲ್ಲಿ 67 ಆಮ್ ಆದ್ಮಿ ಪಕ್ಷಕ್ಕೆ ಹೋಯಿತು. 2019ರಲ್ಲಿ ಮತ್ತೆ ಏಳೂ ಬಿಜೆಪಿಗೆ, 2020ರಲ್ಲಿ ಮತ್ತೆ 62 ಆಮ್ ಆದ್ಮಿಗೆ. ಅದೇ ಬೀದಿಗಳು, ಬಹುಪಾಲು ಅದೇ ಜನ. ಹಾಗಾಗಿ ಲೋಕಸಭೆಯನ್ನು ಲೋಕಸಭೆ ಜೊತೆ, ವಿಧಾನಸಭೆಯನ್ನು ವಿಧಾನಸಭೆ ಜೊತೆ ಹೋಲಿಸಿ, ಕನಿಷ್ಠ ಮೂರು ಸಲದ್ದು. ಅಭ್ಯರ್ಥಿ ಬದಲಾದ ವರ್ಷವನ್ನು ಗುರುತು ಹಾಕಿಡಿ.

ಇನ್ನು ಹೆಚ್ಚಿನವರು ಜಾರಿ ಬೀಳೋ ಜಾಗ. "ಈ ಬೂತ್‌ನಲ್ಲಿ ಬಾಡಿಗೆದಾರರು ಜಾಸ್ತಿ, ಇಲ್ಲಿ ಇಂಥ ಪಕ್ಷಕ್ಕೆ ಮತ ಜಾಸ್ತಿ, ಅಂದ್ರೆ ಬಾಡಿಗೆದಾರರು ಆ ಪಕ್ಷದವರು." ಹಾಗೆ ಹೇಳೋಕೆ ಬರಲ್ಲ. 1950ರಲ್ಲಿ ರಾಬಿನ್ಸನ್ ಅನ್ನೋ ಸಮಾಜಶಾಸ್ತ್ರಜ್ಞ ಅಮೆರಿಕದ 1930ರ ಜನಗಣತಿ ಇಟ್ಟುಕೊಂಡು ಇದನ್ನು ತೋರಿಸಿದರು. ವಲಸಿಗರು ಜಾಸ್ತಿ ಇದ್ದ ರಾಜ್ಯಗಳಲ್ಲಿ ಅನಕ್ಷರಸ್ಥರು ಕಡಿಮೆ ಇದ್ದರು. ಒಬ್ಬೊಬ್ಬರಾಗಿ ನೋಡಿದರೆ ವಲಸಿಗರಲ್ಲೇ ಅನಕ್ಷರತೆ ತುಸು ಜಾಸ್ತಿ! ಅವರು ಓದುಬರಹ ಚೆನ್ನಾಗಿದ್ದ ರಾಜ್ಯಗಳಿಗೆ ಹೋಗಿ ನೆಲೆಸಿದ್ದರು, ಅದಕ್ಕೇ ಲೆಕ್ಕ ತಲೆಕೆಳಗಾಗಿ ಕಂಡಿತು. ನಿಮ್ಮ ಬೂತ್‌ನಲ್ಲೂ ಆ ಮತ ಬಾಡಿಗೆದಾರರ ಪಕ್ಕದ ಸ್ವಂತ ಮನೆಯವರದ್ದೇ ಇರಬಹುದು. ಅದರ ಮೇಲೆ ಬಾಡಿಗೆಗಿರುವ ಎಷ್ಟೋ ಜನರ ಹೆಸರು ಇನ್ನೂ ಬೇರೆ ಊರಿನ ಪಟ್ಟಿಯಲ್ಲೇ ಇರುತ್ತದೆ.

ಈ ಅನುಮಾನ ಬಗೆಹರಿಯಬೇಕಾದರೆ ಜನರನ್ನೇ ಮಾತಾಡಿಸಬೇಕು. ಬೆಳಗಿನ ವಾಕಿಂಗ್‌ನಲ್ಲಿ ಸಿಗೋರನ್ನು ಮಾತ್ರ ಅಲ್ಲ, ರಾತ್ರಿ ಪಾಳಿಯವರನ್ನು, ಮನೆಗೆಲಸಕ್ಕೆ ಹೋಗೋರನ್ನು, ಮೊದಲ ಸಲ ಮತ ಹಾಕಿದ ಹುಡುಗ ಹುಡುಗಿಯರನ್ನೂ ಕೇಳಿ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆಯ ಅಧ್ಯಕ್ಷ ಚುನಾವಣೆ ಸಮೀಕ್ಷೆಗೆ 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂದರೂ ಯಾರು ಗೆಲ್ತಾರೆ ಅನ್ನೋ ಅದರ ಅಂದಾಜು ತಪ್ಪಾಯಿತು. ಸೋಲ್ತಾರೆ ಅಂತ ಅದು ಹೇಳಿದ್ದ ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ಎಷ್ಟು ಜನರನ್ನು ಕೇಳಿದ್ರಿ ಅನ್ನೋದಕ್ಕಿಂತ ಯಾರ್ಯಾರನ್ನು ಕೇಳಿದ್ರಿ ಅನ್ನೋದೇ ಮುಖ್ಯ. ಯಾರಿಗೆ ಹಾಕಿದ್ರಿ ಅಂತ ಕೇಳಬೇಡಿ. ಯಾವಾಗ ತೀರ್ಮಾನ ಮಾಡಿದ್ರಿ, ಏನು ನೋಡಿ ಮಾಡಿದ್ರಿ ಅಂತ ಕೇಳಿ, ಜನ ಬಿಚ್ಚಿ ಮಾತಾಡುತ್ತಾರೆ. ಹೆಸರು, ಮನೆ ನಂಬರ್ ಬರೆದುಕೊಳ್ಳಲೇಬೇಡಿ. ಬರೆಯುವಾಗ ಚಿಕ್ಕ ಬೂತ್‌ಗಳನ್ನು ಪಕ್ಕದವುಗಳ ಜೊತೆ ಸೇರಿಸಿಯೇ ಅಂಕಿ ಕೊಡಿ, ಇಲ್ಲದಿದ್ದರೆ ನಾಲ್ಕೈದು ಮನೆಯವರ ಮೇಲೆ ಸುಮ್ನೆ ಬೊಟ್ಟು ಮಾಡಿದಂತಾಗುತ್ತದೆ.