ಮಹದಾಯಿ ಕಣಿವೆಗೆ ಒಂದು ದಿನ: ಹೋಗುವುದು ಹೀಗೆ

ಊರಿಂದ ನೆಂಟರು ಬಂದರೆ ಗೋವಾದ ವಾಸ್ಕೋ, ಮಡಗಾಂವ ಕಡೆಯ ನಾವೆಲ್ಲ ಅವರನ್ನು ಬೀಚಿಗೆ ಕರೆದೊಯ್ಯುತ್ತೇವೆ. ಈ ಸಲ ನದಿ ತೋರಿಸಿ. ಖಾನಾಪುರ ತಾಲ್ಲೂಕಿನ ದೇಗಾಂವದಲ್ಲಿ ಹುಟ್ಟುವ ಮಹದಾಯಿ ಘಟ್ಟ ಇಳಿದು, ಸತ್ತರಿ ತಾಲ್ಲೂಕಿನ ಕಾಡು ಹಾದು, ಪಣಜಿ ಮುಟ್ಟುವಷ್ಟರಲ್ಲಿ ಮಾಂಡವಿ ಆಗಿರುತ್ತಾಳೆ. ಸತ್ತರಿಯ ಆ ಕಾಡನ್ನು 1999ರಲ್ಲಿ ವನ್ಯಧಾಮವೆಂದು ಘೋಷಿಸಿದರು. ವಿಸ್ತಾರ ಸುಮಾರು 208 ಚದರ ಕಿ.ಮೀ.

ಹೋಗುವುದಾದರೆ ನವೆಂಬರ್‌ನಿಂದ ಜನವರಿಯೊಳಗೆ ಹೋಗಿ. ಜಿಗಣೆ ಕಡಿಮೆಯಾಗಿರುತ್ತವೆ, ಹಳ್ಳಗಳಲ್ಲಿ ನೀರು ಇನ್ನೂ ಉಳಿದಿರುತ್ತದೆ. ಮಳೆಗಾಲದಲ್ಲಿ ಜಲಪಾತಗಳ ಹತ್ತಿರ ಜೀವಗಳು ಹೋಗಿವೆ, ಆಗ ಬೇಡ.

ಪಣಜಿಯಿಂದ ಸಾಂಖಳಿ ಮೇಲೆ ಸತ್ತರಿಯ ಮುಖ್ಯ ಊರಾದ ವಾಳ್ಪೈಗೆ ಕದಂಬ (ಗೋವಾ ಸರ್ಕಾರದ) ಬಸ್ಸು ಸಿಗುತ್ತದೆ. ಇಳಿದ ಮೇಲೆ ಮೊದಲು ಅರಣ್ಯ ಕಚೇರಿಗೆ ಹೋಗಿ, ಯಾವ ದಾರಿ ತೆರೆದಿದೆ ಎಂದು ಕೇಳಿ, ಅನುಮತಿ ಪಡೆಯಿರಿ. ಆ ಕಾಡು ಬಲ್ಲ ಊರವರೊಬ್ಬರನ್ನು ಕೂಲಿ ಕೊಟ್ಟು ಜೊತೆಗೆ ಕರೆದುಕೊಳ್ಳಿ. ಈ ಖರ್ಚು ಉಳಿಸಲು ಹೋಗಬೇಡಿ. ಮೊಬೈಲ್ ಸಿಗ್ನಲ್ ನಂಬಿಕೊಂಡು ಕಣಿವೆ ಇಳಿಯುವಂತಿಲ್ಲ.

ನಾಲ್ಕು ಜನಕ್ಕಿಂತ ಹೆಚ್ಚು ಬೇಡ. ಮಾಸಲು ಬಣ್ಣದ ಉದ್ದ ತೋಳಿನ ಅಂಗಿ, ಕುಡಿಯುವ ನೀರು, ಬುತ್ತಿ ಇದ್ದರೆ ಸಾಕು. ಒಳಗೆ ಹೋದ ಮೇಲೆ ಹಣ್ಣು ಬಿಟ್ಟ ಅತ್ತಿಯೋ ಆಲವೋ ಕಂಡರೆ ಸ್ವಲ್ಪ ದೂರದಲ್ಲಿ ಕೂತುಬಿಡಿ. ಅರ್ಧ ಗಂಟೆ ಮಾತಿಲ್ಲದೆ ಕೂರುವುದೇ ಕಷ್ಟದ ಕೆಲಸ. ಆದರೆ ನಾನು ಇಲ್ಲಿ ಕಂಡದ್ದೆಲ್ಲ ಹಾಗೆ ಕೂತಾಗಲೇ. ಕೆಂದಳಿಲು ಕೊಂಬೆಯಿಂದ ಕೊಂಬೆಗೆ ಹಾರುತ್ತದೆ. ದೊಡ್ಡ ಮಂಗಟ್ಟೆ ಕಣ್ಣಿಗೆ ಬೀಳುವ ಮೊದಲೇ ಅದರ ರೆಕ್ಕೆಯ ಸದ್ದು ಬರುತ್ತದೆ, ಹಳೇ ಉಗಿಬಂಡಿ ಏದುಸಿರು ಬಿಟ್ಟಂತೆ. ಹೊಳೆ ದಂಡೆಯ ಮರಳಲ್ಲಿ ಹೆಜ್ಜೆಗುರುತು ಹುಡುಕಿ. ಕಾಡುಕೋಣ ಎದುರಾದರೆ ನಿಂತಲ್ಲೇ ನಿಂತು ನಿಧಾನವಾಗಿ ಹಿಂದೆ ಸರಿಯಿರಿ. ಹುಲಿಯ ಗುರುತು ಸಿಕ್ಕರೆ ಫೋಟೊ, ಜಾಗದ ಹೆಸರು ಎಲ್ಲೂ ಹಾಕಬೇಡಿ, ಹುಲಿಯ ಜೀವಕ್ಕೇ ಅಪಾಯ. 2020ರ ಜನವರಿಯಲ್ಲಿ ಇದೇ ಸತ್ತರಿಯಲ್ಲಿ ಒಂದು ಹೆಣ್ಣುಹುಲಿ, ಮೂರು ಮರಿಗಳು ಸತ್ತುಬಿದ್ದಿದ್ದವು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನು ಉಣ್ಣಿ. 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ, ಉಣ್ಣಿ ಕಚ್ಚಿ ಹರಡುವ ಮಂಗನ ಕಾಯಿಲೆ 2015ರ ಹೊತ್ತಿಗೆ ಸತ್ತರಿಗೂ ಬಂದಿತ್ತು. ಬೇಸಿಗೆ ಹತ್ತಿರವಾದಂತೆ ಅಪಾಯ ಹೆಚ್ಚು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಉಣ್ಣಿ ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಎಲೆರಾಶಿಯ ಮೇಲೆ ಕೂರಬೇಡಿ; ಬರೀ ಬಂಡೆಯ ಮೇಲೆ ಕೂರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಒಮ್ಮೆ ಅಕ್ಕನ ಮಗನ ಕಾಲುಚೀಲದ ಪಟ್ಟಿಯಲ್ಲಿ ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆ ಇತ್ತು. ಕೊಳೆ ಅಂದುಕೊಂಡೆವು. ಅದು ನಡೆಯತೊಡಗಿತು.

ಹಾಗಾಗಿ ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಿವಿಯ ಹಿಂದೆ, ಕಂಕುಳು, ಮಂಡಿಯ ಸಂದು ನೋಡಿಕೊಳ್ಳಿ. ಕಚ್ಚಿಕೊಂಡ ಉಣ್ಣಿಯನ್ನು ಬೆರಳಲ್ಲಿ ಹಿಸುಕದೆ, ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರಕ್ಕೆ ಎಳೆಯಿರಿ. ಮುಂದಿನ ಎಂಟು-ಹತ್ತು ದಿನದೊಳಗೆ ಜ್ವರ, ತಲೆನೋವು ಬಂದರೆ ಡಾಕ್ಟರ ಹತ್ತಿರ ಮೊದಲು ಹೇಳಬೇಕಾದ ಮಾತು, ಸತ್ತರಿಯ ಕಾಡಿಗೆ ಹೋಗಿದ್ದೆ ಎಂದು.